ಮೃದು ಲೆನ್ಸ್ ಕೊಟ್ಟ ಓಟ್ಟೊ ವಿಖ್ಟರ್ಲೆ

ಮೃದುವಾದ ಕಾಂಟ್ಯಾಕ್ಟ್ ಲೆನ್ಸನ್ನು ದ್ರಾವಣದಿಂದ ತೆಗೆದು ಹೊರಗೇ ಬಿಟ್ಟರೆ ಅದು ಒಣಗಿ, ಮುಟ್ಟಿದರೆ ಮುರಿಯುವಷ್ಟು ಗಡುಸಾಗುತ್ತದೆ. ಒಡಲಲ್ಲಿ ನೀರಿದ್ದಾಗ ಮಾತ್ರ ಅದು ಮೆತ್ತಗಿರುತ್ತದೆ. ಇಂಥ ವಸ್ತುವಿಗೆ ಹೈಡ್ರೋಜೆಲ್ ಎಂದು ಹೆಸರು. ಅದರಿಂದ ಲೆನ್ಸ್ ಮಾಡಿದವರು ಜೆಕ್ ರಸಾಯನ ವಿಜ್ಞಾನಿ ಓಟ್ಟೊ ವಿಖ್ಟರ್ಲೆ.

ಅವರು ಹುಟ್ಟಿದ್ದು 1913ರಲ್ಲಿ, ಓದಿದ್ದು ಪ್ರಾಗ್‌ನಲ್ಲಿ. 1939ರಲ್ಲಿ ನಾಜಿಗಳು ಜೆಕ್ ವಿಶ್ವವಿದ್ಯಾಲಯಗಳನ್ನು ಮುಚ್ಚಿಸಿದ ಮೇಲೆ ಕಾರ್ಖಾನೆಯೊಂದರ ಪ್ರಯೋಗಾಲಯ ಸೇರಿದರು. 1942ರಲ್ಲಿ ಕೆಲವು ತಿಂಗಳು ಜೈಲಿನಲ್ಲೂ ಇದ್ದರು.

1952ರಲ್ಲಿ ರೈಲಿನಲ್ಲಿ ಜೊತೆಗಿದ್ದ ಪ್ರಯಾಣಿಕರೊಬ್ಬರು ಕಣ್ಣಿನ ಚಿಕಿತ್ಸೆಯಲ್ಲಿ ಬಳಸುವ ಲೋಹದ ಬಗ್ಗೆ ಓದುತ್ತಿದ್ದರು. ಲೋಹಕ್ಕಿಂತ ನೀರು ಹಿಡಿಯುವ ಪ್ಲಾಸ್ಟಿಕ್ ದೇಹಕ್ಕೆ ಚೆನ್ನಾಗಿ ಒಗ್ಗೀತು ಎಂದು ವಿಖ್ಟರ್ಲೆಗೆ ಹೊಳೆಯಿತು. ಸಹೋದ್ಯೋಗಿ ದ್ರಹೋಸ್ಲಾವ್ ಲೀಮ್ ಜೊತೆಗೂಡಿ, ಹೆಮಾ ಎಂಬ ಸಣ್ಣ ಅಣುಗಳನ್ನು ಉದ್ದನೆಯ ಸರಪಳಿಗಳಾಗಿ ಜೋಡಿಸಿ, ಆ ಸರಪಳಿಗಳ ನಡುವೆ ಅಲ್ಲಲ್ಲಿ ಕೊಂಡಿ ಹಾಕಿದರು. ಕೊಂಡಿ ಹೆಚ್ಚಾದರೆ ಜೆಲ್ ಬಿಗಿಯಾಗುತ್ತದೆ, ಕಡಿಮೆಯಾದರೆ ಹರಿಯುತ್ತದೆ. ಹದ ಕೂಡಿದಾಗ ತೂಕದಲ್ಲಿ ಸುಮಾರು 38% ನೀರಿರುವ ಪಾರದರ್ಶಕ ಜೆಲ್ ಸಿಕ್ಕಿತು. (ನೀರಿನೊಂದಿಗೆ ರೋಗಾಣುಗಳೂ ಲೆನ್ಸಿಗೆ ಅಂಟಿಕೊಳ್ಳಬಹುದು. ಅದಕ್ಕೇ ನಲ್ಲಿ ನೀರಿನಲ್ಲಿ ಲೆನ್ಸ್ ತೊಳೆಯಬಾರದು ಎನ್ನುವುದು.)

ಈ ಜೆಲ್‌ಗೆ ಇನ್ನೊಂದು ಗುಣವಿದೆ: ತಂಪು ದ್ರಾವಣದಿಂದ ಬೆಚ್ಚನೆಯ ಕಣ್ಣಿಗೆ ಬಂದರೂ ಅಳತೆ ಹೆಚ್ಚು ಬದಲಾಗದು. ಬೇರೊಂದು ಬಗೆಯ ಪಾಲಿಮರ್ ಹೀಗಲ್ಲ, ಸುಮಾರು 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೀರು ಬಿಟ್ಟು ಮುದುಡುತ್ತದೆ. ಲೆನ್ಸಿಗೆ ಅದು ಒಗ್ಗದು. ಆದರೆ ಆ ಪಾಲಿಮರ್ ಲೇಪಿಸಿದ ತಟ್ಟೆಯಲ್ಲಿ ಬೆಳೆದ ಜೀವಕೋಶಗಳ ಹಾಳೆ, ತಟ್ಟೆಯನ್ನು ತಣಿಸಿದರೆ ತಾನಾಗಿ ಬಿಟ್ಟುಕೊಳ್ಳುತ್ತದೆ. ರೋಗಿಯ ಬಾಯಿಯ ಜೀವಕೋಶಗಳಿಂದ ಹೀಗೆ ಬೆಳೆಸಿದ ಹಾಳೆಯನ್ನು ಜಪಾನಿನ ವೈದ್ಯರು ನಾಲ್ವರ ಕಣ್ಣಿಗೆ ಹಾಕಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು.

ಮತ್ತೆ ಪ್ರಾಗ್‌ಗೆ. ಜೆಲ್ ಸಿದ್ಧವಿದ್ದರೂ ಲೆನ್ಸ್ ಆಗಲಿಲ್ಲ. ಅಚ್ಚಿನಿಂದ ತೆಗೆಯುವಾಗ ಅಂಚು ಹರಿಯುತ್ತಿತ್ತು. ರಾಜಕೀಯ ಕಾರಣಕ್ಕೆ 1958ರಲ್ಲಿ ಅವರ ಅಧ್ಯಾಪಕ ಹುದ್ದೆಯೂ ಹೋಗಿತ್ತು. 1961ರ ಕ್ರಿಸ್ಮಸ್ ಹೊತ್ತಿಗೆ ಅವರು ಮಕ್ಕಳ ಮೆರ್ಕುರ್ ಆಟಿಕೆಯ ಲೋಹದ ಪಟ್ಟಿಗಳು, ಸೈಕಲ್ ಡೈನಮೊ ಜೋಡಿಸಿ, ಅಚ್ಚುಗಳನ್ನು ಗಿರಗಿರನೆ ತಿರುಗಿಸುವ ಯಂತ್ರವನ್ನು ಮನೆಯಲ್ಲೇ ಕಟ್ಟಿದರು. ತಿರುಗುವ ದ್ರವ ಅಂಚಿನತ್ತ ಏರಿ, ಬಟ್ಟಲಿನಂತೆ ಬಾಗಿ, ಹಾಗೆಯೇ ಗಟ್ಟಿಯಾಯಿತು. ಮೊದಲು ಬಂದದ್ದು ನಾಲ್ಕೇ ಲೆನ್ಸ್. ಮುಂದಿನ ಕೆಲವೇ ತಿಂಗಳಲ್ಲಿ, ವೈದ್ಯೆಯಾಗಿದ್ದ ಹೆಂಡತಿಯ ನೆರವಿನಿಂದ 5,000ಕ್ಕೂ ಹೆಚ್ಚು ಲೆನ್ಸ್ ಮನೆಯಲ್ಲೇ ತಯಾರಾದವು.

ಸರ್ಕಾರ ಹಕ್ಕನ್ನು ಅಮೆರಿಕದ ಕಂಪನಿಗೆ ಮಾರಿತು. 1971ರಲ್ಲಿ ಅಲ್ಲಿ ಮೃದು ಲೆನ್ಸ್ ಮಾರಾಟಕ್ಕೆ ಅನುಮತಿ ಸಿಕ್ಕಿತು. ವಿಖ್ಟರ್ಲೆ ಕೈಗೆ ಬಂದ ಹಣ ಅತ್ಯಲ್ಪ. ಅಷ್ಟರಲ್ಲಿ, 1968ರ ಸುಧಾರಣಾ ಮನವಿಗೆ ಸಹಿ ಹಾಕಿದ್ದಕ್ಕಾಗಿ ಸಂಸ್ಥೆಯ ನಿರ್ದೇಶಕ ಸ್ಥಾನವನ್ನೂ ಕಳೆದುಕೊಂಡಿದ್ದರು. ಆಡಳಿತ ಬದಲಾದ ಮೇಲೆ, 1990ರಲ್ಲಿ, ದೇಶದ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾದರು. 1998ರಲ್ಲಿ ತೀರಿಕೊಂಡರು.