ನಾದೋಪಾಸಕ ಜಯಚಾಮರಾಜ ಒಡೆಯರು

ಶಿಲ್ಪಿಯು ಕಡೆದ ವಿಗ್ರಹವನ್ನು ನೋಡುಗನು ನೇರವಾಗಿ ಕಾಣಬಲ್ಲನು; ಕವಿಯು ಬರೆದ ಕಾವ್ಯವನ್ನು ಓದುಗನು ತಾನೇ ಓದಿಕೊಳ್ಳಬಲ್ಲನು. ಸಂಗೀತದ ಸ್ಥಿತಿ ಬೇರೆ. ರಚನಕಾರನು ಬರೆದಿಟ್ಟ ಸ್ವರಗಳು ಗಾಯಕನ ಕಂಠದಲ್ಲೋ ವಾದಕನ ಬೆರಳುಗಳಲ್ಲೋ ಜೀವ ತಳೆಯುವವರೆಗೆ ಮೌನವಾಗಿಯೇ ಇರುತ್ತವೆ. ಹಾಗೆ ಜೀವ ತುಂಬುವಾಗ ವಾದಕನಿಗೆ ಎಷ್ಟು ಸ್ವಾತಂತ್ರ್ಯವಿದೆ ಎಂಬುದು ಸಂಗೀತಲೋಕದ ಹಳೆಯ ಪ್ರಶ್ನೆ. ಈ ಪ್ರಶ್ನೆಯನ್ನು ಕುರಿತು ಆಳವಾಗಿ ಚಿಂತಿಸಿ, ದೂರದೇಶದ ಒಬ್ಬ ರಚನಕಾರನ ನಾದವು ಅಳಿಯದಂತೆ ಕಾಪಾಡಿದವರು ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರು.

ಒಡೆಯರು 1919ರ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ತಾಯಿ ಕೆಂಪು ಚೆಲುವಾಜಮ್ಮಣ್ಣಿಯವರು. ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವು ಯಾರ ಹೆಸರನ್ನು ಹೊತ್ತಿದೆಯೋ ಆ ಮಹಾರಾಣಿಯವರು ಇವರ ಅಜ್ಜಿ. ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರಿಗೂ ಪಾಶ್ಚಾತ್ಯ ವಾದ್ಯವೃಂದಕ್ಕೂ ಸಮಾನ ಮನ್ನಣೆಯಿತ್ತು. ಎರಡು ಸಂಗೀತಗಳ ನಡುವೆ ಬೆಳೆದ ರಾಜಕುಮಾರರನ್ನು ಮೊದಲು ಸೆಳೆದದ್ದು ಪಿಯಾನೋ. 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಪದವಿ ಪಡೆದ ಅವರಿಗೆ ಪಿಯಾನೋವಾದಕರಾಗಿ ವೇದಿಕೆಯನ್ನೇರಬೇಕೆಂಬ ಹಂಬಲವಿತ್ತು.

ಆ ಹಂಬಲ ಕೈಗೂಡಲಿಲ್ಲ. 1940ರ ಮಾರ್ಚಿಯಲ್ಲಿ ತಂದೆಯವರೂ ಅದೇ ವರ್ಷದ ಆಗಸ್ಟ್ 3ರಂದು ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಕಾಲವಾದರು. ಇಪ್ಪತ್ತೊಂದು ವರ್ಷದ ತರುಣನ ಮೇಲೆ ರಾಜ್ಯಭಾರ ಬಿದ್ದಿತು. ಆದರೂ ಅವರು ಅಭ್ಯಾಸವನ್ನು ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಪದವಿಯೂ ಅವರಿಗೆ ದೊರೆತವು.

ಪಿಯಾನೋವಿಗಾಗಿ ಬರೆದ ರಚನೆಗಳಲ್ಲಿ ಸೊನಾಟಾ ಹಿರಿದಾದುದು. ಅದು ಸಾಮಾನ್ಯವಾಗಿ ಹಲವು ಭಾಗಗಳುಳ್ಳ ದೀರ್ಘ ಕೃತಿ. ರಚನಕಾರನು ಸ್ವರಗಳೊಂದಿಗೆ ವೇಗ, ನಾದದ ಏರಿಳಿತ ಮೊದಲಾದುವನ್ನೂ ಬರೆದಿರುತ್ತಾನೆ. ಹೀಗಿದ್ದರೂ ಇಬ್ಬರು ವಾದಕರು ಒಂದೇ ಸೊನಾಟಾವನ್ನು ಒಂದೇ ರೀತಿಯಾಗಿ ನುಡಿಸುವುದಿಲ್ಲ. ಬೇಥೋವನ್ನನ 106ನೆಯ ಕೃತಿಸಂಖ್ಯೆಯ ಸೊನಾಟಾ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಮೊದಲ ಭಾಗಕ್ಕೆ ರಚನಕಾರನೇ ನಿಮಿಷಕ್ಕೆ 138 ಮಿಡಿತಗಳ ವೇಗವನ್ನು ಗೊತ್ತುಪಡಿಸಿದ್ದಾನೆ. ಆ ವೇಗದಲ್ಲಿ ನುಡಿಸಿದರೆ ಕೃತಿಯ ಗಾಂಭೀರ್ಯ ಕೆಡುವುದೆಂದು ಅನೇಕರು ನಿಧಾನವಾಗಿ ನುಡಿಸಿದರು. 1932ರಿಂದ 1935ರವರೆಗೆ ಬೇಥೋವನ್ನನ ಎಲ್ಲ ಸೊನಾಟಾಗಳನ್ನೂ ಧ್ವನಿಮುದ್ರಿಸಿದ ಆರ್ತರ್ ಶ್ನಾಬೆಲ್ಲನು ಬರೆದ ವೇಗವನ್ನೇ ಹಿಡಿಯಲು ಯತ್ನಿಸಿದನು. ಬರಹಕ್ಕೆ ವಿಧೇಯನಾಗಿರುವುದೇ ನಿಷ್ಠೆಯೆಂದು ಒಂದು ಪಕ್ಷ. ಬರಹದ ಹಿಂದಿನ ಭಾವವನ್ನು ಅರಸುವುದೇ ನಿಷ್ಠೆಯೆಂದು ಇನ್ನೊಂದು ಪಕ್ಷ. ವಾದ್ಯವೃಂದದ ಸಂಗೀತದಲ್ಲಿಯೂ ಇದೇ ಭೇದವಿತ್ತು. ಬರಹಕ್ಕೆ ಕಟ್ಟುನಿಟ್ಟಾಗಿ ಬದ್ಧನೆಂದು ಖ್ಯಾತನಾದ ನಿರ್ದೇಶಕ ತೊಸ್ಕಾನಿನಿಯ ಬಿರುಸು ಒಡೆಯರಿಗೆ ರುಚಿಸಲಿಲ್ಲ. ಗತಿಯನ್ನು ಭಾವಕ್ಕೆ ತಕ್ಕಂತೆ ಬಾಗಿಸುತ್ತಿದ್ದ ಫುರ್ಟ್‌ವೆಂಗ್ಲರನ ಬೇಥೋವನ್ ಅವರಿಗೆ ಮೆಚ್ಚಿಗೆಯಾಗಿತ್ತು.

ಇಂತಹ ರಸಜ್ಞರ ಮನಸ್ಸನ್ನು ಸೆರೆಹಿಡಿದವನು ರಷ್ಯಾದ ನಿಕೊಲಾಯ್ ಮೆಟ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಆತನು ಹದಿನಾಲ್ಕು ಪಿಯಾನೋ ಸೊನಾಟಾಗಳನ್ನು ರಚಿಸಿದನು. ಸ್ವತಃ ಶ್ರೇಷ್ಠ ವಾದಕನೂ ಆಗಿದ್ದನು. 1921ರಲ್ಲಿ ತಾಯ್ನಾಡನ್ನು ತೊರೆದು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದನು. ಸಂಗೀತಕ್ಕೆ ಶಾಶ್ವತ ನಿಯಮಗಳಿವೆಯೆಂದೂ ಕಾಲದ ಗೀಳಿಗಾಗಿ ಅವನ್ನು ಮೀರಬಾರದೆಂದೂ 1935ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ವಾದಿಸಿದನು. ಹೊಸತನವನ್ನೇ ಅರಸುತ್ತಿದ್ದ ಲೋಕವು ಆತನನ್ನು ಮರೆಯತೊಡಗಿತು. ಎರಡನೆಯ ಮಹಾಯುದ್ಧದಿಂದಾಗಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ವರಮಾನವೂ ನಿಂತಿತು. ಹೃದ್ರೋಗವು ದೇಹವನ್ನು ಕುಗ್ಗಿಸಿತು. ಮೆಟ್ನರನು ತೀರಿಕೊಂಡರೆ ಆತನ ಸೊನಾಟಾಗಳು ಕಾಗದದ ಮೇಲೆ ಉಳಿಯುತ್ತಿದ್ದವು; ಅವುಗಳ ಕರ್ತೃವು ಅವನ್ನು ಹೇಗೆ ಭಾವಿಸಿದ್ದನೆಂಬ ಅರಿವು ಆತನ ಬೆರಳುಗಳೊಂದಿಗೇ ಅಳಿದುಹೋಗುತ್ತಿತ್ತು.

ಈ ನಷ್ಟವನ್ನು ತಪ್ಪಿಸಲು ಒಡೆಯರು ಮುಂದಾದರು. ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಸ್ಥಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದು, ಅರಮನೆಯ ಅಪಾರವಾದ ಧ್ವನಿಮುದ್ರಿಕೆಗಳ ಸಂಗ್ರಹವನ್ನು ಕಂಡು ಬೆರಗಾದನು. ಒಡೆಯರ ನೆರವಿನಿಂದ ಮೆಟ್ನರ್ ಸೊಸೈಟಿ ಸ್ಥಾಪಿತವಾಯಿತು. 1940ರ ದಶಕದ ಕೊನೆಯ ವರ್ಷಗಳಲ್ಲಿ ಆ ವೃದ್ಧ ರಚನಕಾರನು ತನ್ನ ಮೂರು ಕನ್ಸರ್ಟೋಗಳು, ಸೊನಾಟಾಗಳು, ಹಾಡುಗಳು ಹಾಗೂ ಅನೇಕ ಕಿರುರಚನೆಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಿದನು. ಕೃತಜ್ಞತೆಯ ಕುರುಹಾಗಿ ತನ್ನ ಮೂರನೆಯ ಕನ್ಸರ್ಟೋವನ್ನು ಒಡೆಯರಿಗೆ ಅರ್ಪಿಸಿದನು. 1951ರ ನವೆಂಬರ್ 13ರಂದು ಮೆಟ್ನರ್ ನಿಧನನಾದನು; ಅಷ್ಟರಲ್ಲಿ ಆತನ ನಾದವು ಭದ್ರವಾಗಿತ್ತು.

ಎಲ್ಲ ರಚನಕಾರರಿಗೂ ಈ ಭಾಗ್ಯ ಲಭಿಸುವುದಿಲ್ಲ. ರಿಚರ್ಡ್ ಸ್ಟ್ರೌಸನು ತನ್ನ ಕೊನೆಯ ನಾಲ್ಕು ಗೀತೆಗಳನ್ನು ಕೇಳದೆಯೇ 1949ರಲ್ಲಿ ಮೃತನಾದನು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವನ್ನು ಮೊದಲ ಬಾರಿಗೆ ಹಾಡಿದಳು. ಅಂದು ವಾದ್ಯವೃಂದವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಆ ಕಚೇರಿಗೂ ಧನಸಹಾಯ ಮಾಡಿದವರು ಜಯಚಾಮರಾಜ ಒಡೆಯರೇ. ಅಲ್ಲಿ ದಾರಿ ತೋರಲು ಕರ್ತೃವಿರಲಿಲ್ಲ. ಹಾಡುವವರ ವಿವೇಕವೇ ದೀಪವಾಗಬೇಕಿತ್ತು.

ಮೆಟ್ನರನ ಧ್ವನಿಮುದ್ರಿಕೆಗಳಿಂದ ಭಿನ್ನಾಭಿಪ್ರಾಯಗಳು ಕೊನೆಗೊಳ್ಳಲಿಲ್ಲ. ಮುಂದೆ ಎಮಿಲ್ ಗಿಲೆಲ್ಸ್, ಮಾರ್ಕ್ ಆಂಡ್ರೆ ಹ್ಯಾಮ್ಲಿನ್ ಮೊದಲಾದವರು ಆತನ ಸೊನಾಟಾಗಳನ್ನು ತಮ್ಮತಮ್ಮ ರೀತಿಯಲ್ಲಿ ನುಡಿಸಿದರು. ಕರ್ತೃವಿನ ವಾದನವು ಅವರ ಬಾಯಿ ಕಟ್ಟುವ ಕಟ್ಟಳೆಯಾಗಲಿಲ್ಲ. ಭೇದವನ್ನು ಅಳೆಯಲು ಒಂದು ಮಾನದಂಡವಾಯಿತು. ಕರ್ನಾಟಕ ಸಂಗೀತದಲ್ಲಿಯೂ ಒಂದೇ ಕೃತಿಯು ಗುರುಪರಂಪರೆಗೆ ಅನುಗುಣವಾಗಿ ಬೇರೆಬೇರೆ ಪಾಠಾಂತರಗಳಲ್ಲಿ ಉಳಿದುಬಂದಿದೆ. ವೀಣೆ ವೆಂಕಟಗಿರಿಯಪ್ಪನವರಲ್ಲಿ ಪಾಠ ಹೇಳಿಸಿಕೊಂಡ ಒಡೆಯರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿ, ತಾವೂ ವಾಗ್ಗೇಯಕಾರರ ಸಾಲಿಗೆ ಸೇರಿದರು. ಇತರರ ರಚನೆಗಳನ್ನು ತೂಗಿ ನೋಡಿದವರ ರಚನೆಗಳೇ ಮುಂದಿನವರ ಕಂಠಕ್ಕೆ ಒಪ್ಪಿಸಲ್ಪಟ್ಟವು.

ಸಂಸ್ಥಾನವು 1947ರಲ್ಲಿ ಭಾರತದೊಡನೆ ಸೇರಿದ ಮೇಲೆ ಒಡೆಯರು ರಾಜಪ್ರಮುಖರಾಗಿಯೂ, 1956ರಿಂದ 1964ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿಯೂ, ಅನಂತರ 1966ರವರೆಗೆ ಮದ್ರಾಸಿನ ರಾಜ್ಯಪಾಲರಾಗಿಯೂ ಸೇವೆ ಸಲ್ಲಿಸಿದರು. 1974ರ ಸೆಪ್ಟೆಂಬರ್ 23ರಂದು ಕಾಲವಾದರು. ತಾವು ಏರಲಾಗದ ವೇದಿಕೆಯ ಕುರಿತು ಅವರು ಕಹಿಯನ್ನು ಬೆಳೆಸಿಕೊಳ್ಳಲಿಲ್ಲ. ಮತ್ತೊಬ್ಬನ ನಾದಕ್ಕೆ ವೇದಿಕೆಯನ್ನು ಒದಗಿಸಿಕೊಟ್ಟರು. ಅವರಿಗೆ ತಮ್ಮದೇ ಆದ ದೃಢವಾದ ಅಭಿರುಚಿಯಿತ್ತು. ಆದರೆ ಅವರ ಔದಾರ್ಯದಿಂದ ಲೋಕಕ್ಕೆ ಲಭಿಸಿದುದು ಅವರ ತೀರ್ಪಲ್ಲ. ಕೇಳಿ, ಹೋಲಿಸಿ, ತಾನೇ ತೀರ್ಮಾನಿಸುವ ಅವಕಾಶ.