ಚಾತುರ್ಮಾಸದ ಅನ್ನದಾತ ಕದಂಬ ರವಿವರ್ಮ

ಖಾನಾಪುರ ತಾಲೂಕಿನ ಹಲಸಿ ಇಂದು ಸಹ್ಯಾದ್ರಿಯ ಸೆರಗಿನಲ್ಲಿರುವ ಒಂದು ಗ್ರಾಮ. ಪೂರ್ವದಲ್ಲಿ ಇದು ಪಲಾಶಿಕಾ ಎಂಬ ಹೆಸರಿನಿಂದ ಬನವಾಸಿಯ ಕದಂಬರ ಎರಡನೆಯ ರಾಜಧಾನಿಯಾಗಿ ಮೆರೆದಿತ್ತು. ಇಲ್ಲಿ ದೊರೆತ ತಾಮ್ರಶಾಸನಗಳು ಜೈನ ಸಂಘವನ್ನು ಪೋಷಿಸಿದ ಅರಸರ ಕೀರ್ತಿಯನ್ನು ಉಳಿಸಿಕೊಂಡು ಬಂದಿವೆ. ಅವರಲ್ಲಿ ರವಿವರ್ಮನ ಸ್ಥಾನ ವಿಶಿಷ್ಟವಾದುದು.

ರವಿವರ್ಮನು ಮೃಗೇಶವರ್ಮನ ಪುತ್ರ. ಅವನ ವಂಶ ಮಾನವ್ಯ ಗೋತ್ರದ ವೈದಿಕ ವಂಶ. ಆದರೂ ಮೃಗೇಶವರ್ಮನು ತನ್ನ ತಂದೆ ಶಾಂತಿವರ್ಮನ ಮೇಲಣ ಭಕ್ತಿಯಿಂದ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ ಮತ್ತು ಕೂರ್ಚಕ ಸಂಘಗಳಿಗಾಗಿ 33 ನಿವರ್ತನ ಭೂಮಿಯನ್ನು ದಾನವಿತ್ತನು. ಇಂತಹ ತಂದೆಯ ಮಗನಾದ ರವಿವರ್ಮನು ಸುಮಾರು ಕ್ರಿ.ಶ. 485ರಿಂದ 519ರವರೆಗೆ ಆಳಿದನು. ಅವನ ಆಳ್ವಿಕೆ ಶಾಂತವಾಗಿರಲಿಲ್ಲ. ಸ್ವಕುಲದವನೇ ಆದ ವಿಷ್ಣುವರ್ಮನನ್ನು ಯುದ್ಧದಲ್ಲಿ ಕೊಂದು, ಕಂಚಿಯ ಚಂಡದಂಡನನ್ನು ಸೋಲಿಸಿ ಪಲಾಶಿಕೆಯಲ್ಲಿ ನೆಲೆನಿಂತನೆಂದು ಶಾಸನವು ತಿಳಿಸುತ್ತದೆ.

ಹೀಗೆ ಖಡ್ಗದಿಂದ ರಾಜ್ಯವನ್ನು ಗಳಿಸಿದ ಅರಸನೇ ಅದೇ ನಗರದಲ್ಲಿ ಬೇರೊಂದು ಆಜ್ಞೆಯನ್ನು ಹೊರಡಿಸಿದನು. ಪುರುಖೇಟಕ ಗ್ರಾಮದ ಆದಾಯದಿಂದ ಪ್ರತಿವರ್ಷ ಕಾರ್ತಿಕ ಪೂರ್ಣಿಮೆಗೆ ಎಂಟು ದಿನಗಳ ಜಿನೋತ್ಸವ ನಡೆಯಬೇಕು. ಯಾಪನೀಯ ತಪಸ್ವಿಗಳಿಗೆ ಮಳೆಗಾಲದ ನಾಲ್ಕು ತಿಂಗಳೂ ಆಹಾರ ಸಲ್ಲಬೇಕು. ನಾಡಿನವರೂ ನಗರದವರೂ ಜಿನಪೂಜೆಯನ್ನು ನಿರಂತರ ನಡೆಸಿಕೊಂಡು ಬರಬೇಕು. ಇದು ಆ ಆಜ್ಞೆಯ ಸಾರ.

ಈ ಕಟ್ಟಳೆಯ ಹಿಂದಿರುವ ಕರುಣೆಯನ್ನು ಶ್ರಾವಕರು ಗಮನಿಸಬೇಕು. ವರ್ಷಾಕಾಲದಲ್ಲಿ ನೆಲದ ತುಂಬ ಹಸಿರು ಮೊಳೆತು ಸೂಕ್ಷ್ಮಜೀವಿಗಳು ಹರಿದಾಡುತ್ತವೆ. ಅವು ಕಾಲಡಿಯಲ್ಲಿ ಸಿಲುಕಬಾರದೆಂದು ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಅದೇ ತಿಂಗಳುಗಳಲ್ಲಿ ಖಾನಾಪುರದ ಕಾಡುಸೀಮೆಯಲ್ಲಿ ಮಳೆ ಬಿಡದೆ ಸುರಿಯುತ್ತದೆ. ಹಳೆಯ ಫಸಲು ಕರಗಿ ಹೊಸದು ಇನ್ನೂ ಕೈಗೆ ಬಂದಿರುವುದಿಲ್ಲ. ಜೀವದಯೆಗಾಗಿ ನಡಿಗೆಯನ್ನೇ ತೊರೆದವರು ಹಸಿವಿನಿಂದ ಬಳಲಬಾರದೆಂದು ಅರಸನು ಮೊದಲೇ ಯೋಚಿಸಿದನು. ಆ ಕ್ಷಣದ ಕನಿಕರಕ್ಕೆ ಅದನ್ನು ಬಿಡದೆ, ಒಂದು ಗ್ರಾಮದ ಉತ್ಪತ್ತಿಗೇ ಕಟ್ಟಿಹಾಕಿದನು. ಹಸಿವು ಕಾಣಿಸಿದಾಗ ನೀಡುವುದು ದಯೆ. ಹಸಿವು ಬಾರದಂತೆ ಮುಂಚೆಯೇ ಏರ್ಪಾಡು ಮಾಡುವುದು ಅದಕ್ಕಿಂತ ಹಿರಿದಾದ ದಯೆ.

ಈ ಗುಣ ಮನೆತನದಲ್ಲಿಯೂ ಹರಡಿತು. ತಮ್ಮ ಭಾನುವರ್ಮನ ಕಾಲದಲ್ಲಿ ಹುಣ್ಣಿಮೆಗಳಂದು ಜಿನಾಭಿಷೇಕ ನಡೆಯಲೆಂದು 15 ನಿವರ್ತನ ಭೂಮಿ ದತ್ತಿಯಾಯಿತು. ಮಗ ಹರಿವರ್ಮನು ತನ್ನ ನಾಲ್ಕನೆಯ ಆಳ್ವಿಕೆಯ ವರ್ಷದಲ್ಲಿ ಕೂರ್ಚಕ ಸಂಘಕ್ಕೆ ಒಂದು ಗ್ರಾಮವನ್ನು ಬಿಟ್ಟುಕೊಟ್ಟು, ಅಷ್ಟಾಹ್ನಿಕ ಪೂಜೆಗೆ ಸಂದು ಉಳಿದುದೆಲ್ಲ ಸಮಸ್ತ ಸಂಘದ ಭೋಜನಕ್ಕೆ ಸಲ್ಲಲೆಂದು ವಿಧಿಸಿದನು.

ಪಲಾಶಿಕೆಯ ವೈಭವ ಕಾಲಕ್ರಮದಲ್ಲಿ ಅಳಿಯಿತು. ಆದರೆ ಈ ದಾನಪರಂಪರೆ ನಾಡಿನಲ್ಲಿ ಬತ್ತಲಿಲ್ಲ. ಏಳು ಶತಮಾನಗಳ ನಂತರ, 1204ರಲ್ಲಿ, ರಟ್ಟರ ಮಂತ್ರಿ ಬೀಚಿರಾಜನು ಬೆಳಗಾವಿಯ ಕೋಟೆಯೊಳಗೆ ಕಟ್ಟಿಸಿದ ಕಮಲ ಬಸದಿ ಅದಕ್ಕೆ ಸಾಕ್ಷಿಯಾಗಿ ನಿಂತಿದೆ.

ಗ್ರಾಮವನ್ನು ಬಿಟ್ಟುಕೊಡುವ ಶಕ್ತಿ ಎಲ್ಲರಿಗಿಲ್ಲ. ಆದರೆ ಚಾತುರ್ಮಾಸದಲ್ಲಿ ಉಪವಾಸವ್ರತವನ್ನು ಕೈಗೊಂಡ ಗೃಹಸ್ಥನು, ಆ ದಿನ ತನ್ನ ಮನೆಯಲ್ಲಿ ಉಳಿದ ಅಕ್ಕಿ ಯಾರ ಒಲೆಯನ್ನು ಸೇರಬೇಕೆಂದು ಹಿಂದಿನ ದಿನವೇ ಗೊತ್ತುಮಾಡಬಲ್ಲನು. ರವಿವರ್ಮನ ಆಜ್ಞೆ ಅವನ ಮನೆಯಲ್ಲಿ ಅಷ್ಟರಮಟ್ಟಿಗೆ ನಡೆದಂತಾಯಿತು.