ಗಾಜನೂರಿನ ಮುತ್ತುರಾಜ: ಶಾಲೆ ಬಿಟ್ಟರೂ ಕಲಿಕೆ ಬಿಡದ ಬದುಕು

ಬೋಧನಾಭ್ಯಾಸಕ್ಕೆ ನನ್ನನ್ನು ಹಾಕಿದ್ದು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಪಕ್ಕದ ಒಂದು ಪ್ರೌಢಶಾಲೆಗೆ. ನನ್ನ ವಿಷಯ ಭೌತವಿಜ್ಞಾನ ಮತ್ತು ಗಣಿತ. ಒಂಬತ್ತನೇ ತರಗತಿಯಲ್ಲಿ ಚಲನೆಯ ಪಾಠ ಮುಗಿದ ದಿನ ಕೊನೆಯ ಬೆಂಚಿನ ಹುಡುಗನೊಬ್ಬ, ಮುಂದಿನ ವರ್ಷ ತಾನು ಬರುವುದಿಲ್ಲ, ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರುತ್ತೇನೆ ಎಂದ. ಓದು ಬಿಡಬೇಡ ಎಂದು ನಾನು ಬುದ್ಧಿ ಹೇಳಲು ಹೋದೆ. ಅಣ್ಣಾವ್ರು ಎಷ್ಟನೇ ಕ್ಲಾಸು ಓದಿದ್ದರು ಸಾರ್ ಎಂದು ಅವನು ತಿರುಗಿ ಕೇಳಿದ. ತರಗತಿಯೆಲ್ಲ ನಕ್ಕಿತು. ನನ್ನ ಬಳಿ ಉತ್ತರವಿರಲಿಲ್ಲ.

ಆ ಶನಿವಾರ ಕನ್ನಡದ ಮೇಡಂ ರಜೆಯಲ್ಲಿದ್ದರು, ಅವರ ಅವಧಿ ನನಗೆ ಸಿಕ್ಕಿತು. ಡಾ. ರಾಜ್‌ಕುಮಾರ್ ಅವರ ಬದುಕನ್ನೇ ಪಾಠ ಮಾಡಿದೆ. ಅಂದು ಹೇಳಿದ್ದನ್ನು ಸಹಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಪ್ಪುಹಲಗೆಯ ಮೇಲೆ ಮೊದಲು ಒಂದು ರಸ್ತೆ ಬರೆದೆ. ನಮ್ಮ ಶಾಲೆಯ ಹತ್ತಿರದ ಹೆದ್ದಾರಿ ಬೆಂಗಳೂರಿನಿಂದ ಬಂದು ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ ದಾಟಿ ತಮಿಳುನಾಡಿನ ಗಡಿ ಸೇರುತ್ತದೆ. ಅಲ್ಲಿಂದ ತಾಳವಾಡಿ ಕಡೆಗೆ ತಿರುಗಿದರೆ ಗಾಜನೂರು. ಈಗ ಅದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ, ಆದರೆ ಅಲ್ಲಿನ ಜನರ ಮನೆಮಾತು ಕನ್ನಡ. 1929ರ ಏಪ್ರಿಲ್ 24ರಂದು ಅಲ್ಲಿ ಹುಟ್ಟಿದ ಮಗುವಿಗೆ ಮುತ್ತುರಾಜ ಎಂದು ಹೆಸರಿಟ್ಟರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ವೃತ್ತಿರಂಗಭೂಮಿಯ ನಟ, ತಾಯಿ ಲಕ್ಷ್ಮಮ್ಮ. ಮನೆಯಲ್ಲಿ ಬಡತನ. ನಾಟಕ ಕಂಪನಿ ಊರಿಂದೂರಿಗೆ ಹೋದಂತೆ ತಂದೆಯ ಜೊತೆ ಮಗನೂ ಹೋದ. ಪ್ರಾಥಮಿಕ ಶಾಲೆಯ ನಡುವಿನಲ್ಲೇ ಓದು ನಿಂತಿತು.

ಇಲ್ಲಿಗೆ ಬಂದಾಗ ಹುಡುಗರು ಆ ಹುಡುಗನ ಕಡೆ ತಿರುಗಿ ನೋಡಿದರು. ನಾನು ನಿಲ್ಲಿಸದೆ ಮುಂದುವರಿಸಿದೆ.

ಮುತ್ತುರಾಜ ಶಾಲೆ ಬಿಟ್ಟು ಸೇರಿದ್ದು ಗುಬ್ಬಿ ವೀರಣ್ಣನವರ ಕಂಪನಿಯನ್ನು. ಮುಂದೆ ಸುಬ್ಬಯ್ಯ ನಾಯ್ಡು ಅವರ ಮಂಡಳಿಯಲ್ಲೂ ಕೆಲಸ ಮಾಡಿದರು. ಆಗಿನ ನಾಟಕ ಕಂಪನಿಯಲ್ಲಿ ಚಿಕ್ಕ ಹುಡುಗನೂ ಹಿರಿಯರ ಮುಂದೆ ಮಾತು ಒಪ್ಪಿಸಬೇಕು, ಶ್ರುತಿ ಹಿಡಿದು ಹಾಡಬೇಕು. ಮೈಕಿನ ನೆರವಿಲ್ಲದೆ ಹಿಂದಿನ ಸಾಲಿನವರಿಗೂ ಅಕ್ಷರ ಕೇಳಿಸುವಂತೆ ಉಚ್ಚರಿಸಬೇಕು. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ತಿದ್ದುವವರು ಪಕ್ಕದಲ್ಲೇ ಇರುತ್ತಿದ್ದರು. ರಾಜ್‌ಕುಮಾರ್ ಅವರ ಕನ್ನಡ ಉಚ್ಚಾರಣೆಯನ್ನು ಇಂದಿಗೂ ಮಾದರಿ ಎನ್ನುತ್ತೇವೆ. ಅದಕ್ಕೆ ಅಡಿಪಾಯ ಬಿದ್ದದ್ದು ವರ್ಷಗಟ್ಟಲೆ ನಡೆದ ಆ ದಿನನಿತ್ಯದ ತಾಲೀಮಿನಲ್ಲಿ.

1953ರಲ್ಲಿ ಸಾಲಿಗ್ರಾಮದ ಪಾರ್ವತಮ್ಮನವರೊಂದಿಗೆ ಮದುವೆಯಾಯಿತು. ಮರುವರ್ಷ, 1954ರಲ್ಲಿ, ಎಚ್.ಎಲ್.ಎನ್. ಸಿಂಹ ಅವರು ಬೇಡರ ಕಣ್ಣಪ್ಪ ಚಿತ್ರಕ್ಕೆ ಇವರನ್ನು ನಾಯಕನನ್ನಾಗಿ ಆರಿಸಿ ರಾಜ್‌ಕುಮಾರ್ ಎಂಬ ಹೆಸರು ಕೊಟ್ಟರು. ಚಿತ್ರ ಗೆದ್ದಿತು. ಆದರೆ ಆಗ ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟೇ ಚಿತ್ರಗಳು ತಯಾರಾಗುತ್ತಿದ್ದವು. ಕೆಲಸವಿಲ್ಲದ ದಿನಗಳಲ್ಲಿ ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಅವರೊಂದಿಗೆ ಕಲಾವಿದರ ಸಂಘ ಕಟ್ಟಿ ಊರೂರಲ್ಲಿ ನಾಟಕವಾಡಿದರು. ಇದೇ ಗೆಳೆಯರು ಸೇರಿ 1960ರಲ್ಲಿ ರಣಧೀರ ಕಂಠೀರವ ಚಿತ್ರವನ್ನು ಹೊರತಂದರು. ನಾಯಕನಟನಾದ ಮೇಲೂ ಮತ್ತೆ ಟೆಂಟು, ಪರದೆಗಳ ನಡುವೆ ದುಡಿಯಲು ಅವರು ನಾಚಲಿಲ್ಲ.

ಮುಂದಿನ ನಾಲ್ಕು ದಶಕಗಳಲ್ಲಿ 200ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. ಒಂದು ತೆಲುಗು ಚಿತ್ರ ಬಿಟ್ಟರೆ ಉಳಿದವೆಲ್ಲ ಕನ್ನಡ. 1971ರಲ್ಲಿ ಕಸ್ತೂರಿ ನಿವಾಸ, 1972ರಲ್ಲಿ ಬಂಗಾರದ ಮನುಷ್ಯ, 1975ರಲ್ಲಿ ಮಯೂರ, 1977ರಲ್ಲಿ ಸನಾದಿ ಅಪ್ಪಣ್ಣ ಬಂದವು. ಸನಾದಿ ಅಪ್ಪಣ್ಣದಲ್ಲಿ ಕೇಳುವ ಶಹನಾಯಿ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರದು. ಅವರ ನಾದಕ್ಕೆ ತಕ್ಕಂತೆ ಬೆರಳು, ಉಸಿರು, ಕೆನ್ನೆ ಎಲ್ಲವನ್ನೂ ತೆರೆಯ ಮೇಲೆ ಹೊಂದಿಸಿದವರು ರಾಜ್‌ಕುಮಾರ್.

ಅವರು ಹೊಸದಾಗಿ ಕಲಿತ ವಯಸ್ಸುಗಳನ್ನು ಹಲಗೆಯ ಮೇಲೆ ಬರೆದೆ. ಮೊದಲೆಲ್ಲ ಅವರ ಹೆಚ್ಚಿನ ಹಾಡುಗಳನ್ನು ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದರು. 1974ರ ಸಂಪತ್ತಿಗೆ ಸವಾಲ್ ನಂತರ ರಾಜ್‌ಕುಮಾರ್ ತಾವೇ ಹಾಡತೊಡಗಿದಾಗ ಅವರಿಗೆ 45 ವರ್ಷ. ಜೀವನ ಚೈತ್ರ ಚಿತ್ರದ ಗಾಯನಕ್ಕೆ 1992ರ ಸಾಲಿನ ರಾಷ್ಟ್ರಪ್ರಶಸ್ತಿ ಬಂದಿತು, ಆಗ ಅರವತ್ತು ದಾಟಿತ್ತು. ಐವತ್ತರ ಆಸುಪಾಸಿನಲ್ಲಿ ಗುರುವಿನ ಮುಂದೆ ಕೂತು ಯೋಗ ಕಲಿತರು. 1983ರ ಕಾಮನಬಿಲ್ಲು ಚಿತ್ರದಲ್ಲಿ ಆ ಆಸನಗಳನ್ನು ಇಂದಿಗೂ ನೋಡಬಹುದು.

ಸಂಸಾರದ ವಿಷಯದಲ್ಲಿ ಅವರು ಪಾರ್ವತಮ್ಮನವರನ್ನು ನಂಬಿ ನಡೆದರು. ವಜ್ರೇಶ್ವರಿ ಸಂಸ್ಥೆಯ ಮೂಲಕ ಚಿತ್ರ ತೆಗೆದದ್ದು, ಕಥೆ ಆರಿಸಿದ್ದು, ಲೆಕ್ಕ ನೋಡಿದ್ದು ಆಕೆ. ತಮ್ಮ ವರದರಾಜ್ ಅಣ್ಣನ ಬೆನ್ನಿಗಿದ್ದರು. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ರಂಗದ ಮೇಲೆ ಅಬ್ಬರದ ಪೌರಾಣಿಕ ಪಾತ್ರಗಳಿಗೆ ಹೆಸರಾಗಿದ್ದ ತಂದೆಯ ದಾರಿಯಲ್ಲೇ 1983ರ ಭಕ್ತ ಪ್ರಹ್ಲಾದದಲ್ಲಿ ಅವರು ಹಿರಣ್ಯಕಶಿಪುವಾದರು. ಎದುರಿಗೆ ಪ್ರಹ್ಲಾದನಾಗಿ ನಿಂತದ್ದು ಕಿರಿಯ ಮಗ ಪುನೀತ್.

ರಾಜಕೀಯದ ಭಾಗ ನಾವು ಶಿಕ್ಷಕರಾಗುವವರು ಗಮನಿಸಬೇಕಾದದ್ದು. 1978ರಲ್ಲಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ನಿಲ್ಲಲು ಅವರ ಮೇಲೆ ಒತ್ತಡವಿತ್ತೆಂದು ಮನೆಯವರೇ ಮುಂದೆ ಹೇಳಿದ್ದಾರೆ. ಅವರು ನಿಲ್ಲಲಿಲ್ಲ. ನಾಲ್ಕು ವರ್ಷಗಳ ನಂತರ ಬೀದಿಗಿಳಿದರು, ಅದೂ ಶಾಲೆಯ ಪಠ್ಯಕ್ರಮದ ಪ್ರಶ್ನೆಗಾಗಿ. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ವಿ.ಕೃ. ಗೋಕಾಕ್ ಸಮಿತಿ 1981ರಲ್ಲಿ ವರದಿ ಕೊಟ್ಟಿತ್ತು. ಅದು ಜಾರಿಯಾಗಲಿಲ್ಲ. ಸಾಹಿತಿಗಳು ಆರಂಭಿಸಿದ ಚಳವಳಿಗೆ 1982ರಲ್ಲಿ ರಾಜ್‌ಕುಮಾರ್ ಬಂದ ಮೇಲೆ ಹಳ್ಳಿಹಳ್ಳಿಯ ಜನ ಸೇರಿದರು. 1983ರ ಜನವರಿಯ ಚುನಾವಣೆಯಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಪಕ್ಕದ ಆಂಧ್ರದಲ್ಲಿ ಅದೇ ಹೊತ್ತಿಗೆ ಎನ್.ಟಿ. ರಾಮರಾವ್, ತಮಿಳುನಾಡಿನಲ್ಲಿ ಅದಕ್ಕೂ ಮೊದಲು ಎಂ.ಜಿ. ರಾಮಚಂದ್ರನ್ ಮುಖ್ಯಮಂತ್ರಿಗಳಾಗಿದ್ದರು. ರಾಜ್‌ಕುಮಾರ್ ಪಕ್ಷ ಕಟ್ಟಲಿಲ್ಲ, ಟಿಕೆಟ್ ಕೇಳಲಿಲ್ಲ, ಬಣ್ಣ ಹಚ್ಚುವ ಕೆಲಸಕ್ಕೇ ಮರಳಿದರು. ಶಾಲೆ ಕಾಣದ ಒಬ್ಬರು ಶಾಲೆಯ ಭಾಷೆಗಾಗಿ ರಾಜ್ಯ ಸುತ್ತಿದ್ದು ನನ್ನನ್ನು ತುಂಬ ಯೋಚಿಸುವಂತೆ ಮಾಡಿತು.

ಗೌರವಗಳು ತಾವಾಗಿ ಬಂದವು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕುವೆಂಪು ಅವರೊಂದಿಗೆ ಕರ್ನಾಟಕ ರತ್ನ, 1995ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. ಕಷ್ಟವೂ ಬಂತು. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದಲೇ ವೀರಪ್ಪನ್ ಅವರನ್ನು ಅಪಹರಿಸಿದ. 108 ದಿನ ಕಾಡಿನಲ್ಲಿದ್ದು ನವೆಂಬರ್ 15ರಂದು ಬಿಡುಗಡೆಯಾದರು. 2006ರ ಏಪ್ರಿಲ್ 12ರಂದು ಬೆಂಗಳೂರಿನ ಮನೆಯಲ್ಲಿ ತೀರಿಕೊಂಡರು. ಆಗ ನಡೆದ ಗಲಭೆಯಲ್ಲಿ ಜೀವಗಳು ಹೋದವು. ಇದನ್ನೂ ಮಕ್ಕಳಿಂದ ಮುಚ್ಚಿಡಲಿಲ್ಲ. ಸೌಮ್ಯವಾಗಿ ಬಾಳಿದವರ ಸಾವಿನಲ್ಲಿ ಹಾಗಾಗಬಾರದಿತ್ತು ಎಂದೆ. ಅವರು ಮೊದಲೇ ಬಯಸಿದ್ದಂತೆ ಕಣ್ಣುಗಳನ್ನು ದಾನ ಮಾಡಲಾಯಿತು.

ಅವಧಿ ಮುಗಿಯಲು ಐದು ನಿಮಿಷವಿತ್ತು. ಹುಡುಗನ ಪ್ರಶ್ನೆಗೆ ಮರಳಿದೆ. ಅಣ್ಣಾವ್ರು ಶಾಲೆ ಬಿಟ್ಟದ್ದು ನಿಜವೆಂದು ಒಪ್ಪಿಕೊಂಡೆ. ಬಿಟ್ಟು ಹೋದ ಜಾಗದಲ್ಲಿ ಅವರಿಗೆ ಕಲಿಸುವವರು ಯಾರ್‍ಯಾರಿದ್ದರು ಎಂದು ಪಟ್ಟಿ ಮಾಡಲು ತರಗತಿಗೆ ಹೇಳಿದೆ. ತಂದೆ, ಕಂಪನಿಯ ಹಿರಿಯರು, ನಿರ್ದೇಶಕರು, ಯೋಗದ ಗುರು ಎಂದು ಮಕ್ಕಳೇ ಹೇಳಿದರು. ನೀವು ಹೋಗಬೇಕೆಂದಿರುವ ಜಾಗದಲ್ಲಿ ನಿಮಗೆ ಕಲಿಸುವವರು ಯಾರು ಎಂಬ ಪ್ರಶ್ನೆಯನ್ನು ಪಕ್ಕದಲ್ಲಿ ಬರೆದೆ. ಅದರ ಕೆಳಗೆ ಏನನ್ನೂ ಬರೆಯದೆ ಬಿಟ್ಟೆ. ಫ್ಯಾಕ್ಟರಿ ಕೆಲಸವನ್ನು ಕೀಳು ಮಾಡಿ ಮಾತಾಡಲಿಲ್ಲ. ಆ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯ ಒಲೆ ಉರಿಯುವುದು ಶಿಫ್ಟ್ ಸಂಬಳದಿಂದ.

ಸೋಮವಾರ ಹುಡುಗ ಒಂದು ಮಾತು ತಂದಿದ್ದ. ಅವನ ಅಪ್ಪನ ಫ್ಯಾಕ್ಟರಿಯಲ್ಲಿ ಮೆಷಿನ್ ಕಲಿಸುವುದು ಐಟಿಐ ಮುಗಿಸಿದವರಿಗಂತೆ, ಪ್ಯಾಕಿಂಗಿನವರಿಗೆ ಡಬ್ಬ ಎಣಿಸುವುದಷ್ಟೇ ಕೆಲಸವಂತೆ. ಐಟಿಐಗೆ ಎಸ್ಸೆಸ್ಸೆಲ್ಸಿ ಬೇಕೇ ಸಾರ್ ಎಂದು ಕೇಳಿದ. ಹೆಚ್ಚಿನ ಟ್ರೇಡುಗಳಿಗೆ ಬೇಕು ಎಂದೆ. ಮುಂದಿನ ವರ್ಷ ಅವನು ಬರುತ್ತಾನೋ ಇಲ್ಲವೋ ಹೇಳಲಾರೆ, ನನ್ನ ಬೋಧನಾಭ್ಯಾಸ ಅಷ್ಟರಲ್ಲಿ ಮುಗಿದಿರುತ್ತದೆ. ಆದರೆ ಅವನ ಮೊದಲ ಪ್ರಶ್ನೆಯನ್ನು ನಾನು ಉದ್ಧಟತನವೆಂದು ಬಯ್ದಿದ್ದರೆ ಈ ಎರಡನೆಯ ಪ್ರಶ್ನೆ ಬರುತ್ತಿರಲಿಲ್ಲ. ಪಾಠಯೋಜನೆಯ ಪುಸ್ತಕದಲ್ಲಿ ಆ ದಿನದ ಪುಟದ ಕೊನೆಗೆ ನಾನು ಬರೆದುಕೊಂಡದ್ದು ಇದನ್ನೇ.